ಅಪ್ಪ 2003ರಲ್ಲೇ ತೀರಿಕೊಂಡರು, ಪಹಣಿ ಅಣ್ಣಂದಿರ ಹೆಸರಲ್ಲಿದೆ: ನನಗೆ ಪಾಲು ಇದೆಯಾ?

ಪ್ರಶ್ನೆ: ನನಗೆ 48 ವರ್ಷ. ದಾವಣಗೆರೆಯಲ್ಲಿ ಟೈಲರಿಂಗ್ ಮಾಡಿಕೊಂಡಿದ್ದೇನೆ. ತವರು ಚಿತ್ರದುರ್ಗ ತಾಲ್ಲೂಕು ಭರಮಸಾಗರ ಹೋಬಳಿಯ ಒಂದು ಹಳ್ಳಿ. ಅಲ್ಲಿ ನಾಲ್ಕು ಎಕರೆ ಅಜ್ಜನ ಕಾಲದ ಜಮೀನಿದೆ. ಇನ್ನೆರಡೂವರೆ ಎಕರೆ ಅಪ್ಪ 1984ರಲ್ಲಿ ಕೊಂಡಿದ್ದು. ಅಪ್ಪ 2003ರಲ್ಲಿ ತೀರಿಕೊಂಡರು. ಅಮ್ಮ ಇದ್ದಾರೆ. ಇಬ್ಬರು ಅಣ್ಣಂದಿರು, ಒಬ್ಬಳು ಅಕ್ಕ. ಅಕ್ಕನ ಮದುವೆ 1989ರಲ್ಲಿ, ನನ್ನದು 1996ರಲ್ಲಿ ಆಯಿತು. ಅಪ್ಪ ಹೋದ ಮರುವರ್ಷವೇ ಅಣ್ಣಂದಿರು ಖಾತೆ ಮಾಡಿಸಿಕೊಂಡರು. 2011ರಲ್ಲಿ ದೊಡ್ಡಣ್ಣ ನಮ್ಮ ಮನೆಗೆ ಬಂದು, ಸೊಸೈಟಿ ಸಾಲಕ್ಕೆ ಬೇಕು ಅಂತ ಒಂದು ಛಾಪಾ ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದ. ನಾನು ಓದಲಿಲ್ಲ. ಪ್ರತಿ ವರ್ಷ ಈರುಳ್ಳಿ, ಮೆಕ್ಕೆಜೋಳ ಮಾರಿದ ಮೇಲೆ ನನಗೂ ಅಕ್ಕನಿಗೂ ಒಂದಿಷ್ಟು ದುಡ್ಡು ಕೊಡುತ್ತಿದ್ದರು. ಹೋದ ವರ್ಷ ನಿಲ್ಲಿಸಿದರು. ಕೇಳಿದ್ದಕ್ಕೆ, ಮದುವೆ ಮಾಡಿಕೊಟ್ಟಾಯ್ತು, ಇನ್ನೇನಿದೆ ನಿಂದು ಅಂದರು. ಈಗ ಜಮೀನಿಗೆ ಗಿರಾಕಿ ಬಂದಿದ್ದಾರಂತೆ. ಮೊಬೈಲಲ್ಲಿ ಹುಡುಕಿದೆ. ಒಂದು ವಿಡಿಯೊ ಪಾಲು ಇದೆ ಅನ್ನುತ್ತೆ. ಇನ್ನೊಂದು, ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ದರೆ ಇಲ್ಲ ಅನ್ನುತ್ತೆ. ಪರಿಚಯದವರೊಬ್ಬರು 12 ವರ್ಷ ದಾಟಿತು, ಮುಗೀತು ಅಂದರು. ಯಾವುದನ್ನು ನಂಬಲಿ? ತವರು ಕಳೆದುಕೊಳ್ಳದೆ ಪಾಲು ಕೇಳೋಕೆ ದಾರಿ ಇದೆಯಾ?
ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕ ಕಾಣುತ್ತಿವೆ. ನನಗೆ ಹಕ್ಕು ಇದೆಯೋ ಇಲ್ಲವೋ ಅನ್ನುವುದು ಒಂದು. ಯಾರ ಮಾತು ನಂಬಬೇಕು ಅನ್ನುವುದು ಇನ್ನೊಂದು. ಎರಡನೆಯದು ಬಗೆಹರಿದರೆ ಮೊದಲನೆಯದು ಅರ್ಧ ಬಗೆಹರಿದ ಹಾಗೆ.

ನೀವು ನೋಡಿದ ವಿಡಿಯೊದವರು ಸುಳ್ಳು ಹೇಳಿರಲಿಕ್ಕಿಲ್ಲ. ನಿಮ್ಮ ಪರಿಚಯದವರೂ ಅಷ್ಟೇ. ಅವರ ಕೈಯಲ್ಲಿ ನಿಮ್ಮ ಕಾಗದ ಇರಲಿಲ್ಲ, ತಾರೀಖು ಗೊತ್ತಿರಲಿಲ್ಲ. ಆಸ್ತಿ ಯಾರು ಗಳಿಸಿದ್ದು, ಯಾರು ಯಾವಾಗ ತೀರಿಕೊಂಡರು, ಯಾವ ಕಾಗದ ನೋಂದಣಿ ಆಗಿದೆ. ಈ ಮೂರು ಗೊತ್ತಿಲ್ಲದೆ ಕೊಡುವ ಉತ್ತರ ಬೇರೆ ಯಾರದೋ ಕೇಸಿಗೆ ಸರಿಯಾಗಿರುತ್ತದೆ, ನಿಮ್ಮದಕ್ಕಲ್ಲ. ನೀವು ತಾರೀಖುಗಳನ್ನು ಬರೆದಿದ್ದೀರಿ, ಹಾಗಾಗಿ ನಾನು ಸ್ವಲ್ಪ ಧೈರ್ಯವಾಗಿ ಮಾತಾಡಬಹುದು.

ಮೊದಲು ಅಪ್ಪ ಕೊಂಡ ಎರಡೂವರೆ ಎಕರೆ ನೋಡೋಣ. ಇದರ ಬಗ್ಗೆ ಜನ ಜಾಸ್ತಿ ತಪ್ಪು ತಿಳಿದಿರುತ್ತಾರೆ. ತಂದೆ ಸ್ವಂತ ದುಡಿಮೆಯಲ್ಲಿ ಕೊಂಡ ಜಮೀನು, ವಿಲ್ ಬರೆಯದೆ ತೀರಿಕೊಂಡರೆ, ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮನಾಗಿ ಹೋಗುತ್ತದೆ. ತಂದೆಯ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು. ಇದು 2005ರಲ್ಲಿ ಬಂದ ನಿಯಮ ಅಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮು ಮೊದಲಿನಿಂದಲೂ ಹೀಗೇ ಇದೆ. ಮಗಳಿಗೆ ಮದುವೆ ಆಗಿದೆಯಾ ಇಲ್ಲವಾ ಅಂತ ಆ ಕಲಮು ಕೇಳುವುದೇ ಇಲ್ಲ. ಅಂದರೆ 1989ರಲ್ಲಿ ಮದುವೆಯಾದ ನಿಮ್ಮ ಅಕ್ಕನಿಗೂ ಇದರಲ್ಲಿ ನಿಮ್ಮಷ್ಟೇ ಹಕ್ಕು.

ಗಲಾಟೆ ಇರುವುದು ಅಜ್ಜನ ಕಾಲದ ನಾಲ್ಕು ಎಕರೆಯಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮೊದಲು ಹುಟ್ಟಿನಿಂದ ಹಕ್ಕು ಇದ್ದದ್ದು ಗಂಡುಮಕ್ಕಳಿಗೆ ಮಾತ್ರ. ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಹೆಣ್ಣುಮಕ್ಕಳನ್ನೂ ಸೇರಿಸಿತು. ಆದರೆ ಆ ವರ್ಷದ ಜುಲೈ 30ಕ್ಕೆ ಮೊದಲೇ ಮದುವೆ ಆದವರನ್ನು ಹೊರಗಿಟ್ಟಿತು. 'ಮದುವೆ ಆದವಳಿಗೆ ಇಲ್ಲ' ಅನ್ನುವ ಮಾತು ನಮ್ಮ ಕಡೆ ಇನ್ನೂ ಗಟ್ಟಿಯಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಆಮೇಲೆ 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಜಾರಿಗೆ ಬಂತು. ಅದರಲ್ಲಿ ಮದುವೆಯ ತಾರೀಖಿನ ಷರತ್ತು ಇಲ್ಲ.

ಹಾಗಾದರೆ 'ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ದರೆ ಇಲ್ಲ' ಅನ್ನುವುದು ಎಲ್ಲಿಂದ ಬಂತು? ಅದು ಬಾಯಿಮಾತಲ್ಲ. ಪ್ರಕಾಶ್ ಮತ್ತು ಫೂಲವತಿ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟೇ ಹೀಗೆ ಹೇಳಿತ್ತು: 2005ರ ಆ ದಿನ ತಂದೆಯೂ ಬದುಕಿರಬೇಕು, ಮಗಳೂ ಬದುಕಿರಬೇಕು. ಆಗ ಆ ಮಾತು ನಂಬಿ ಎಷ್ಟೋ ಹೆಣ್ಣುಮಕ್ಕಳು ಕೇಸು ಹಾಕದೆ ಸುಮ್ಮನಾದರು. 2018ರಲ್ಲಿ ದಾನಮ್ಮ ಪ್ರಕರಣದಲ್ಲಿ ಇದೇ ಕೋರ್ಟು, ತಂದೆ ಮೊದಲೇ ತೀರಿಹೋಗಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡೂ ನಮ್ಮ ಕರ್ನಾಟಕದಿಂದಲೇ ಹೋದ ಕೇಸುಗಳು. ಎರಡು ತೀರ್ಪು ಎರಡು ದಿಕ್ಕಿಗೆ ಎಳೆಯುತ್ತಿದ್ದವು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಇತ್ಯರ್ಥ ಮಾಡಿತು. ಮಗಳ ಹಕ್ಕು ಹುಟ್ಟಿನಿಂದ ಬರುವುದು, 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ. ಈಗ ನಡೆಯುತ್ತಿರುವುದು ಇದೇ. ನೀವು ನೋಡಿದ ಎರಡನೇ ವಿಡಿಯೊ 2020ಕ್ಕೆ ಮೊದಲು ಮಾಡಿದ್ದಾಗಿರಬಹುದು. ಹಳೇ ವಿಡಿಯೊ ತನ್ನಷ್ಟಕ್ಕೆ ತಾನು ಅಳಿಸಿಹೋಗುವುದಿಲ್ಲ ನೋಡಿ. ಕಾನೂನಿನ ವಿಷಯ ಓದುವಾಗ, ಕೇಳುವಾಗ ಮೊದಲು ತಾರೀಖು ನೋಡಿ, ಆಮೇಲೆ ವಿಷಯ.

ಒಂದು ವಿನಾಯಿತಿ ಇದೆ. 2004ರ ಡಿಸೆಂಬರ್ 20ಕ್ಕೆ ಮೊದಲು ಆಸ್ತಿ ಮಾರಾಟ ಆಗಿದ್ದರೆ, ಅಥವಾ ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಭಾಗ ಆಗಿದ್ದರೆ ಅದನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ನಿಮ್ಮ ಅಣ್ಣಂದಿರು ಅಪ್ಪ ಹೋದ ಮರುವರ್ಷ ಮಾಡಿಸಿದ್ದು ಪೌತಿ ಖಾತೆ ಇರಬೇಕು, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದು. ಪೌತಿ ಖಾತೆ ವಿಭಾಗ ಅಲ್ಲ. 'ಬಾಯಿಮಾತಲ್ಲಿ ಆಗಲೇ ಭಾಗ ಆಗಿತ್ತು' ಅಂತ ಅವರು ಹೇಳಬಹುದು. ಸರ್ಕಾರಿ ದಾಖಲೆಗಳ ಬೆಂಬಲ ಇಲ್ಲದ ಬಾಯಿಮಾತಿನ ವಿಭಾಗವನ್ನು ಸುಲಭವಾಗಿ ಒಪ್ಪಬಾರದು ಅಂತಲೂ ವಿನೀತಾ ಶರ್ಮಾ ತೀರ್ಪಿನಲ್ಲೇ ಇದೆ.

ಈಗ ಲೆಕ್ಕ. ಅಪ್ಪನ ಸ್ವಂತ ಜಮೀನಿನಲ್ಲಿ ಅಮ್ಮ ಮತ್ತು ನಾಲ್ವರು ಮಕ್ಕಳು, ಐದರಲ್ಲಿ ಒಂದು ನಿಮ್ಮದು. ಪಿತ್ರಾರ್ಜಿತದಲ್ಲಿ ಅಪ್ಪ, ಅಮ್ಮ, ನಾಲ್ವರು ಮಕ್ಕಳು ಅಂತ ಮೊದಲು ಆರು ಪಾಲು ಹಾಕಿ, ಅಪ್ಪನ ಆರನೇ ಒಂದನ್ನು ಉಳಿದ ಐವರಿಗೆ ಹಂಚಿದರೆ, ಮತ್ತೆ ತಲಾ ಐದರಲ್ಲಿ ಒಂದೇ ಬರುತ್ತದೆ. ಒಟ್ಟು ಆರೂವರೆ ಎಕರೆ, ಅಂದರೆ 260 ಗುಂಟೆ. ನಿಮ್ಮ ಪಾಲು 52 ಗುಂಟೆ, ಒಂದು ಎಕರೆ ಹನ್ನೆರಡು ಗುಂಟೆ. ಹಾಗಾಗಿ ಯಾವುದು ಪಿತ್ರಾರ್ಜಿತ, ಯಾವುದು ಸ್ವಯಾರ್ಜಿತ ಅನ್ನುವ ಜಗಳದಿಂದ ನಿಮ್ಮ ಪಾಲೇನೂ ಬದಲಾಗದು. ಅಪ್ಪ ವಿಲ್ ಬರೆದಿಟ್ಟಿದ್ದರೆ ಮಾತ್ರ ಅದು ಮುಖ್ಯ ಆಗುತ್ತದೆ. ಯಾಕೆಂದರೆ ಸ್ವಂತ ಜಮೀನನ್ನು ಅವರು ಯಾರಿಗೆ ಬೇಕಾದರೂ ಬರೆಯಬಹುದಿತ್ತು, ಪಿತ್ರಾರ್ಜಿತದಲ್ಲಿ ತಮ್ಮ ಪಾಲನ್ನಷ್ಟೇ. ವಿಲ್ ನೋಂದಣಿ ಆಗಿರಲೇಬೇಕು ಅಂತಿಲ್ಲ, ಇಬ್ಬರು ಸಾಕ್ಷಿಗಳಿರಬೇಕು. ಇಷ್ಟು ವರ್ಷ ಇಲ್ಲದ ವಿಲ್ ಕೇಸು ಹಾಕಿದ ಮೇಲೆ ಪೆಟ್ಟಿಗೆಯಿಂದ ಹೊರಗೆ ಬರುವುದನ್ನು ನಮ್ಮ ಕೋರ್ಟುಗಳು ಬೇಕಾದಷ್ಟು ನೋಡಿವೆ. ಅದಕ್ಕೇ ಅಂಥದ್ದನ್ನು ಸುಮ್ನೆ ಒಪ್ಪುವುದಿಲ್ಲ.

ಇಲ್ಲೊಂದು ಮಾತು. ಲಿಂಗಾಯತರು, ಜೈನರು ಸೇರಿ ಹಿಂದೂಗಳಿಗೆ ಈ ಕಾಯ್ದೆ ಅನ್ವಯ. ಪರಿಶಿಷ್ಟ ಪಂಗಡಗಳಿಗೆ ಇದು ನೇರವಾಗಿ ಅನ್ವಯಿಸುವುದಿಲ್ಲ ಅಂತ 2ನೇ ಕಲಮು ಹೇಳುತ್ತದೆ. ಚಿತ್ರದುರ್ಗ ಜಿಲ್ಲೆಯಲ್ಲಿ ನಾಯಕ ಸಮುದಾಯ ದೊಡ್ಡದು, ಆದರೂ ಈ ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ನೀವು ಆ ಸಮುದಾಯದವರಾದರೆ ವಕೀಲರಿಗೆ ಮೊದಲ ದಿನವೇ ಹೇಳಿ. ವಾದ ಬೇರೆ ದಾರಿಯಲ್ಲಿ ಕಟ್ಟಬೇಕಾಗುತ್ತದೆ. ಮುಸ್ಲಿಂ, ಕ್ರೈಸ್ತ ಓದುಗರಿಗೆ ಪಾಲಿನ ಲೆಕ್ಕವೇ ಬೇರೆ.

ಇನ್ನು ಪಹಣಿ. 'ಪಹಣಿ ಯಾರ ಹೆಸರಲ್ಲಿದೆಯೋ ಜಮೀನು ಅವರದ್ದು' ಅನ್ನುವ ನಂಬಿಕೆ ಎಷ್ಟು ಆಳವಾಗಿದೆ ಅಂದರೆ, ಓದಿದವರೂ ಹಾಗೇ ಮಾತಾಡುತ್ತಾರೆ. ಕಂದಾಯ ಯಾರಿಂದ ವಸೂಲಿ ಮಾಡಬೇಕು ಅಂತ ಸರ್ಕಾರ ಇಟ್ಟುಕೊಳ್ಳುವ ದಾಖಲೆ ಅದು. ತಪ್ಪು ಅಂತ ಸಾಬೀತಾಗುವ ತನಕ ಅದನ್ನು ಸರಿ ಅಂತ ಭಾವಿಸುತ್ತಾರೆ, ಅಷ್ಟೇ. ಭೂಕಂದಾಯ ಕಾಯ್ದೆಯ 133ನೇ ಕಲಮಿನ ಸಾರ ಇದು. ಖಾತೆ ಬದಲಾವಣೆಯಿಂದ ಮಾಲೀಕತ್ವ ಹುಟ್ಟುವುದಿಲ್ಲ, ಸಾಯುವುದೂ ಇಲ್ಲ. ಆದರೆ ಆ ಖಾತೆ ಬದಲಾವಣೆಯ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ಪ್ರತಿ ಮತ್ತು ಅದಕ್ಕೆ ಕೊಟ್ಟ ವಂಶವೃಕ್ಷ ನಿಮಗೆ ತುಂಬಾ ಮುಖ್ಯ. ಅದರಲ್ಲಿ ನಿಮ್ಮ ಮತ್ತು ಅಕ್ಕನ ಹೆಸರು ಬಿಟ್ಟಿದ್ದರೆ, ಮಕ್ಕಳು ಇಬ್ಬರೇ ಅಂತ ತೋರಿಸಿದ್ದರೆ, ಕೋರ್ಟಿನಲ್ಲಿ ಅದು ಅಣ್ಣಂದಿರಿಗೇ ತಿರುಗುಬಾಣ.

2011ರ ಸಹಿ ನಿಮ್ಮ ನಿದ್ದೆ ಕೆಡಿಸಿರಬೇಕು. ಜಮೀನಿನ ಹಕ್ಕು ಬಿಟ್ಟುಕೊಡುವ ಪತ್ರ ನೋಂದಣಿ ಆಗಲೇಬೇಕು. 1908ರ ನೋಂದಣಿ ಕಾಯ್ದೆ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕು ನೋಂದಣಿ ಇಲ್ಲದ ಕಾಗದದಿಂದ ಕೈಬದಲಾಗುವುದಿಲ್ಲ. ನೋಟರಿ ಸೀಲು ಬಿದ್ದರೂ ಅದು ನೋಂದಣಿ ಅಲ್ಲ. ನೋಂದಣಿ ಆಗಬೇಕಾದರೆ ನೀವು ಸಬ್ ರಿಜಿಸ್ಟ್ರಾರ್ ಮುಂದೆ ಕೂತು, ಫೋಟೊ ತೆಗೆಸಿ, ಹೆಬ್ಬೆಟ್ಟು ಒತ್ತಿರಬೇಕು. ನೀವು ಮನೆಯಲ್ಲೇ ಸಹಿ ಹಾಕಿದ್ದು ಅನ್ನುತ್ತೀರಿ. ಹಾಗಾದರೆ ಹಕ್ಕು ಬಿಡುಗಡೆ ಆಗಿರುವ ಸಾಧ್ಯತೆ ಬಹಳ ಕಡಿಮೆ. ಖಾತೆಗೆ ಒಪ್ಪಿಗೆ ಅಂತ ಬರೆಸಿಕೊಂಡಿದ್ದರೂ ಅದು ಹಕ್ಕು ಬಿಟ್ಟ ಹಾಗಲ್ಲ. ಊಹೆ ಮಾಡುತ್ತಾ ಕೂರುವ ಬದಲು ಋಣಭಾರ ಪತ್ರ ತೆಗೆಸಿ, ಅದೇ ಇ.ಸಿ., ಜಮೀನಿನ ಮೇಲೆ ನೋಂದಣಿ ಆದ ಪತ್ರಗಳ ಪಟ್ಟಿ. ಬಿಡುಗಡೆ ಪತ್ರ ನೋಂದಣಿ ಆಗಿದ್ದರೆ ಅದರಲ್ಲಿ ಕಾಣುತ್ತದೆ. ಕಂಡರೆ ತಡಮಾಡಬೇಡಿ. ಮೋಸದಿಂದ ಬರೆಸಿಕೊಂಡ ಪತ್ರ ರದ್ದು ಮಾಡಿಸಲು, ಮೋಸ ಗೊತ್ತಾದ ದಿನದಿಂದ ಮೂರೇ ವರ್ಷ ಕಾಲಾವಕಾಶ.

12 ವರ್ಷದ ಮಾತು ಅರ್ಧ ನಿಜ. ಕಾಲಮಿತಿ ಕಾಯ್ದೆಯಲ್ಲಿ 12 ವರ್ಷ ಅಂತ ಇದೆ, ಆದರೆ ಎಲ್ಲಿಂದ ಎಣಿಸಬೇಕು ಅನ್ನುವುದನ್ನು ಜನ ಮರೆಯುತ್ತಾರೆ. ತಂದೆ ತೀರಿಕೊಂಡ ದಿನದಿಂದಲೂ ಅಲ್ಲ, ಖಾತೆ ಬದಲಾದ ದಿನದಿಂದಲೂ ಅಲ್ಲ. ನಿಮ್ಮನ್ನು ಕುಟುಂಬದ ಆಸ್ತಿಯಿಂದ ಹೊರಗಿಟ್ಟಿದ್ದಾರೆ ಅಂತ ನಿಮಗೆ ಗೊತ್ತಾದ ದಿನದಿಂದ. ಪಾಲುದಾರರಲ್ಲಿ ಒಬ್ಬ ಉಳುತ್ತಿದ್ದರೆ ಅದು ಎಲ್ಲರ ಪರವಾಗಿ ಅಂತಲೇ ಕಾನೂನು ನೋಡುತ್ತದೆ. ಬೇಸಾಯ ಮಾಡಿದ್ದರಿಂದಷ್ಟೇ ಅವನು ಒಡೆಯನಾಗುವುದಿಲ್ಲ. ನಿಮ್ಮ ವಿಷಯದಲ್ಲಿ ಹೋದ ವರ್ಷದ ತನಕ ಬೆಳೆಯ ದುಡ್ಡು ಬರುತ್ತಿತ್ತು. ಅಂದರೆ ಅಲ್ಲಿಯ ತನಕ ಅವರೇ ನಿಮ್ಮ ಪಾಲು ಒಪ್ಪಿದ್ದರು ಅಂತ ವಾದ ಮಾಡಬಹುದು. ಆ ದುಡ್ಡು ಫೋನಿಗೋ ಬ್ಯಾಂಕಿಗೋ ಬಂದಿದ್ದರೆ ಆ ದಾಖಲೆ ತೆಗೆದಿಡಿ. ಕೈಗೆ ಕೊಟ್ಟಿದ್ದರೆ ನೋಡಿದವರು ಯಾರು ಅಂತ ನೆನಪು ಮಾಡಿಕೊಳ್ಳಿ. 'ಇನ್ನೇನಿದೆ ನಿಂದು' ಅಂದ ದಿನ ಯಾವುದು, ಯಾರಿದ್ದರು ಅನ್ನುವುದನ್ನೂ ಬರೆದಿಡಿ. ಅಣ್ಣಂದಿರ ವಕೀಲರು ಖಾತೆಯ ವರ್ಷದಿಂದಲೇ ಎಣಿಸಬೇಕು ಅಂತ ವಾದಿಸುತ್ತಾರೆ, ಅದನ್ನು ನಿರೀಕ್ಷಿಸಿ.

ಕಾಗದ ಎಲ್ಲಿ ಸಿಗುತ್ತವೆ? ಬಹಳಷ್ಟಕ್ಕೆ ಯಾರ ಕಾಲೂ ಹಿಡಿಯಬೇಕಿಲ್ಲ. ಈಗಿನ ಪಹಣಿ ಕಂದಾಯ ಇಲಾಖೆಯ ಭೂಮಿ ಆನ್‌ಲೈನ್‌ನಲ್ಲಿ, ನಾಡಕಚೇರಿಯಲ್ಲಿ ಸಿಗುತ್ತದೆ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 10ರಲ್ಲಿ ಯಾವ ಎಂ.ಆರ್. ನಂಬರ್ ಇದೆ, 11ರಲ್ಲಿ ಯಾವ ಸಾಲ, ಯಾವ ತಕರಾರು ಇದೆ ನೋಡಿ. ಹಳೇ ಕೈಬರಹದ ಪಹಣಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತದೆ. ಅರ್ಜಿ ಕೊಟ್ಟು ದೃಢೀಕೃತ ನಕಲು ತೆಗೆದುಕೊಳ್ಳಿ. ಇ.ಸಿ. 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ. ಅಪ್ಪನ 1984ರ ಕ್ರಯಪತ್ರದ ನಕಲೂ ಅಲ್ಲೇ. 'ಮೂಲ ಪತ್ರ ಅಣ್ಣನ ಹತ್ತಿರ ಇದೆ, ಕೊಡಲ್ಲ' ಅಂತ ಅಳುತ್ತಾ ಬರುವವರು ತುಂಬಾ ಜನ. ಸ್ಥಿರಾಸ್ತಿಯ ನೋಂದಾಯಿತ ಪತ್ರದ ನಕಲನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ಪಡೆಯಬಹುದು, ಅಣ್ಣನ ಒಪ್ಪಿಗೆ ಬೇಕಿಲ್ಲ. ಕಚೇರಿಯಲ್ಲಿ ಸತಾಯಿಸಿದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಜಮೀನಿನ ಮೇಲೆ ಆಗಲೇ ಕೇಸು ಇದೆಯಾ ಅಂತ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅಣ್ಣಂದಿರ ಹೆಸರು ಹಾಕಿ ಹುಡುಕಿ. ಇನ್ನೊಂದು, ದಾವಣಗೆರೆ, ಹರಿಹರ, ಜಗಳೂರು 1997ರ ಆಗಸ್ಟ್ 15ರ ತನಕ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದವು. ಆ ಕಡೆಯ ಓದುಗರು ಹಳೇ ಜಿಲ್ಲಾ ಮಟ್ಟದ ಕಡತ ಹುಡುಕುವಾಗ ಚಿತ್ರದುರ್ಗದಲ್ಲೂ ವಿಚಾರಿಸಬೇಕು.

ಕಾಯ್ದೆಯನ್ನೇ ಓದಬೇಕು ಅನಿಸಿದರೆ ಇಂಡಿಯಾ ಕೋಡ್ ಅನ್ನುವ ಸರ್ಕಾರಿ ಜಾಲತಾಣದಲ್ಲಿ ತಿದ್ದುಪಡಿ ಸೇರಿಸಿದ ಪಠ್ಯ ಉಚಿತವಾಗಿದೆ. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳು ಕನ್ನಡದಲ್ಲೂ ಸಿಗುತ್ತಿವೆ. ಎಐ ಕೇಳಿ ತಿಳಿಯುವವರೂ ಈಗ ಜಾಸ್ತಿ. ಕೇಳಿ, ತಪ್ಪಿಲ್ಲ. ಆದರೆ ಅದು ಇಲ್ಲದ ತೀರ್ಪನ್ನು ಇದೆ ಅಂತ ಹೇಳುವುದೂ ಉಂಟು. ಅದು ಕೊಟ್ಟ ತೀರ್ಪಿನ ಹೆಸರು ನಿಜವಾಗಿ ಇದೆಯಾ ಅಂತ ನೋಡದೆ ಯಾರ ಮುಂದೆಯೂ ಹೇಳಬೇಡಿ.

ಇನ್ನು ದಾರಿಗಳು. ಎಲ್ಲಕ್ಕಿಂತ ಒಳ್ಳೆಯದು ಕೂತು ಮಾತಾಡಿ ನೋಂದಾಯಿತ ವಿಭಾಗ ಪತ್ರ ಮಾಡಿಕೊಳ್ಳುವುದು. ಅಥವಾ ನಿಮ್ಮ ಪಾಲಿನ ಬೆಲೆ ತೆಗೆದುಕೊಂಡು ಹಕ್ಕು ಬಿಡುಗಡೆ ಮಾಡುವುದು. ಎರಡನೆಯದರಲ್ಲಿ ಅಪಾಯ ಒಂದೇ: 'ಮೊದಲು ಸಹಿ ಹಾಕು, ಜಮೀನು ಮಾರಿದ ಮೇಲೆ ದುಡ್ಡು' ಅನ್ನುವ ಮಾತು. ಅಂಥ ಸಹಿ ಹಾಕಿ ಆಮೇಲೆ ಕೋರ್ಟ್ ಮೆಟ್ಟಿಲು ಹತ್ತಿದವರನ್ನು ನಾನು ಕಂಡಷ್ಟು ನೀವು ಕಂಡಿರಲಿಕ್ಕಿಲ್ಲ. ದುಡ್ಡು ಡಿಡಿಯಲ್ಲೋ ಬ್ಯಾಂಕ್ ಖಾತೆಗೋ ಬಂದ ಮೇಲೆ ಸಬ್ ರಿಜಿಸ್ಟ್ರಾರ್ ಮುಂದೆ ಕೂರಿ.

ಮಾತು ಶುರುವಾಗಿ ಎಲ್ಲೋ ನಿಂತುಹೋದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಕೋರ್ಟ್ ಆವರಣದಲ್ಲೇ ಕಚೇರಿ ಇರುತ್ತದೆ, ಸಹಾಯವಾಣಿ 15100. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ, ಕೋರ್ಟ್ ಶುಲ್ಕವನ್ನೂ ಭರಿಸುತ್ತಾರೆ. ಕೇಸು ಹಾಕುವ ಮೊದಲೇ ಅಣ್ಣಂದಿರನ್ನು ಕರೆಸಿ ರಾಜಿ ಮಾಡಿಸಲು ಕೇಳಬಹುದು. ಅವರು ಬರಲೇಬೇಕು ಅಂತ ಒತ್ತಾಯ ಇಲ್ಲ, ಅದೇ ಇದರ ದೌರ್ಬಲ್ಯ. ಬಂದು ಲೋಕ ಅದಾಲತ್‌ನಲ್ಲಿ ಒಪ್ಪಿದರೆ ಅದು ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಒಪ್ಪುವ ಮೊದಲು ಗುಂಟೆ, ಚಕ್ಕುಬಂದಿ, ದಾರಿ, ಬೋರ್‌ವೆಲ್ ನೀರು ಎಲ್ಲವನ್ನೂ ಬರೆಸಿ. ಬೋರ್‌ವೆಲ್ ಬಿಟ್ಟುಹೋದ ರಾಜಿ ಮುಂದಿನ ಬೇಸಿಗೆಗೆ ಹೊಸ ಜಗಳ ತರುತ್ತದೆ.

ಕೊನೆಯದು ಪಾಲಿನ ದಾವೆ. ಜಮೀನು ಎಲ್ಲಿದೆಯೋ ಅಲ್ಲೇ ಹಾಕಬೇಕು. ನೀವಿರುವುದು ದಾವಣಗೆರೆಯಾದರೂ ಕೋರ್ಟು ಚಿತ್ರದುರ್ಗದ್ದು. ಗಿರಾಕಿ ಬಂದಿದ್ದಾರೆ ಅಂದಿರಲ್ಲ, ದಾವೆಯ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆಗೂ ಅರ್ಜಿ ಹಾಕಬೇಕು. ಸಬ್ ರಿಜಿಸ್ಟ್ರಾರ್‌ಗೆ ತಕರಾರು ಪತ್ರ ಕೊಟ್ಟರೆ ನೋಂದಣಿ ನಿಲ್ಲುತ್ತದೆ ಅಂತ ಜನ ನಂಬಿದ್ದಾರೆ. ಕೋರ್ಟಿನ ಆದೇಶ ಇಲ್ಲದೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಪತ್ರಿಕೆಯಲ್ಲಿ ಪ್ರಕಟಣೆ ಕೊಡುವುದರಿಂದ ಕೊಳ್ಳುವವನು ಹೆದರಬಹುದು, ಅಷ್ಟೇ. ದಾವೆ ಬಿದ್ದ ಮೇಲೆ ಮಾರಿದರೂ ಕೊಂಡವನು ಕೋರ್ಟಿನ ತೀರ್ಪಿಗೆ ಬದ್ಧ. ದಾವೆಗೆ ಮೊದಲೇ ಮಾರಿದರೂ ಅಣ್ಣಂದಿರು ಮಾರಲು ಸಾಧ್ಯ ಇರುವುದು ತಮ್ಮ ಪಾಲನ್ನು ಮಾತ್ರ, ಆದರೆ ಆಗ ನೀವು ಕೊಂಡವನ ಜೊತೆಗೂ ಹೊಡೆದಾಡಬೇಕು.

ದಾವೆಯ ಕಷ್ಟ ಮುಚ್ಚಿಡುವುದಿಲ್ಲ. ಮೊದಲು ಬರುವ ಡಿಕ್ರಿ ನಿಮ್ಮ ಪಾಲು ಎಷ್ಟು ಅಂತ ಹೇಳುತ್ತದೆ, ಜಮೀನು ಕೈಗೆ ಕೊಡುವುದಿಲ್ಲ. ಆಮೇಲೆ ಅಳತೆ, ನಕ್ಷೆ, ಅಂತಿಮ ಡಿಕ್ರಿ. ನಡುವೆ ಅಪೀಲು. ವರ್ಷಗಳು ಹಿಡಿಯುತ್ತವೆ. ಬೇಗ ಮುಗಿಸಿಕೊಡುತ್ತೇನೆ ಅನ್ನುವವರ ಹತ್ತಿರ ಹುಷಾರು. ಗೆದ್ದರೆ ಜಮೀನಿನಲ್ಲಿ ಇಷ್ಟು ಪಾಲು ಕೊಡಬೇಕು ಅಂತ ಫೀಸು ಮಾತಾಡುವುದು ನಮ್ಮ ವಕೀಲರ ನಿಯಮಕ್ಕೇ ವಿರುದ್ಧ. ಅಂಥವರಿದ್ದರೆ ಎದ್ದು ಬನ್ನಿ. ಪೊಲೀಸ್ ಠಾಣೆಯಲ್ಲಿ ಪಾಲು ತೀರ್ಮಾನ ಮಾಡಿಸುತ್ತೇವೆ ಅನ್ನುವವರ ಹಿಂದೆಯೂ ಹೋಗಬೇಡಿ. ಅವರಿಗೆ ಆ ಅಧಿಕಾರ ಇಲ್ಲ.

ತವರು ಉಳಿಯುತ್ತಾ ಅಂತ ಕೇಳಿದಿರಿ. ಅದು ನನ್ನ ಕೈಯಲ್ಲಿಲ್ಲ, ಆದರೆ ನಾನು ನೋಡಿದಂತೆ ಸಂಬಂಧ ಕೆಡಿಸುವುದು ಪಾಲು ಕೇಳಿದ್ದಕ್ಕಿಂತ, ಒಂದು ಮಾತೂ ಆಡದೆ ನೋಟಿಸ್ ಕಳಿಸಿದ್ದು. ಕಾಗದ ಎಲ್ಲಾ ಕೈಗೆ ಬಂದ ಮೇಲೆ ಒಮ್ಮೆ ಊರಿಗೆ ಹೋಗಿ, ಅಮ್ಮನ ಮುಂದೆಯೇ ಮಾತಾಡಿ. ಅಮ್ಮನಿಗೂ ಐದರಲ್ಲಿ ಒಂದು ಪಾಲು ಇದೆ. ಅದು ಪೂರ್ತಿ ಅವರ ಸ್ವಂತದ್ದು, ಯಾರಿಗೆ ಬೇಕಾದರೂ ಕೊಡಬಹುದು. ಇದು ಅವರಿಗೇ ಗೊತ್ತಿಲ್ಲದಿರಬಹುದು, ಮೊದಲು ಹೇಳಿ. ಗಿರಾಕಿ ಮುಂಗಡ ಕೊಡುವ ಹಂತಕ್ಕೆ ಬಂದಿದ್ದರೆ ಮಾತುಕತೆಗೆ ಒಂದೆರಡು ವಾರಕ್ಕಿಂತ ಜಾಸ್ತಿ ಕಾಯಬೇಡಿ. ದಾವೆ ಹಾಕುವುದೇ ಆದರೆ ಎಲ್ಲ ಪಾಲುದಾರರನ್ನೂ ಸೇರಿಸಬೇಕಾಗುತ್ತದೆ. ನಿಮ್ಮ ಅಕ್ಕ ಜೊತೆಗೆ ಬಂದರೆ ವಾದಿ, ಬರದಿದ್ದರೆ ಪ್ರತಿವಾದಿ. ಸಮನ್ಸ್ ಅವರ ಮನೆ ಬಾಗಿಲಿಗೆ ಹೋಗುವ ಮೊದಲು ನೀವೇ ಫೋನ್ ಮಾಡಿ ಹೇಳಿ.